‘ಅದು ಬಂದ್, ಇದು ನಡೀತದೆ ಮಾರಾಯ’: ಡ್ರೀಮ್11 ಕತೆ ಮತ್ತು ಗಡಿ ದಾಟುವ ಬೆಟ್ಟಿಂಗ್ ವ್ಯಾಪಾರ

2025ರ ಸೆಪ್ಟೆಂಬರ್‌ನ ಒಂದು ರಾತ್ರಿ. ಬೆಂಗಳೂರಿಗೆ ಹೊರಟಿದ್ದ ಗೆಳೆಯನನ್ನು ಬಿಡಲು ಬಿಜೈ ಕೆಎಸ್‌ಆರ್‌ಟಿಸಿ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಬಸ್ಸು ಬರೋದಕ್ಕೆ ಇನ್ನೂ ಹೊತ್ತಿತ್ತು. ಅವನ ಮೊಬೈಲಿನಲ್ಲಿ ಏಷ್ಯಾ ಕಪ್ ಮ್ಯಾಚ್. ಭಾರತದ ಆಟಗಾರರ ಜೆರ್ಸಿಯ ಎದೆಯ ಮೇಲೆ ದೇಶದ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಎರಡು ವರ್ಷದಿಂದ ಅಲ್ಲಿದ್ದ ಡ್ರೀಮ್11 ಕಾಣೆಯಾಗಿತ್ತು.

‘ಇನ್ನು ನಿಂಗೆ ಸ್ವಲ್ಪ ದುಡ್ಡು ಉಳೀತದೆ’ ಅಂತ ತಮಾಷೆ ಮಾಡಿದೆ.

‘ಅದು ಬಂದ್. ಇದು ನಡೀತದೆ ಮಾರಾಯ’ ಅಂತ ವಾಟ್ಸ್ಯಾಪ್ ತೆರೆದು ತೋರಿಸಿದ. ಯಾರೋ ಕಳಿಸಿದ ಒಂದು ಲಿಂಕ್, ಒಂದು ಐಡಿ, ಒಂದು ಪಾಸ್‌ವರ್ಡ್. ಅವರು ಕೊಟ್ಟ ನಂಬರಿಗೆ ಯುಪಿಐ ಮಾಡಿದರೆ ಹತ್ತು ನಿಮಿಷದಲ್ಲಿ ಐಡಿಗೆ ‘ಪಾಯಿಂಟ್’ ಬೀಳುತ್ತದಂತೆ. ನಡೆಸುವವರು ಯಾರು, ಯಾವ ದೇಶದಲ್ಲಿದ್ದಾರೆ ಅಂತ ಕೇಳಿದೆ. ‘ಅದೆಲ್ಲ ಎಂತಕ್ಕೆ? ಪೇಮೆಂಟ್ ಕರೆಕ್ಟ್ ಉಂಟು’ ಅಂದ.

ಆ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಹಣ ಹಾಕಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತ್ತು. ದೇಶದ ಅತಿ ದೊಡ್ಡ ಕಂಪನಿ ಒಂದೇ ದಿನದಲ್ಲಿ ತನ್ನ ಮುಖ್ಯ ವ್ಯಾಪಾರ ನಿಲ್ಲಿಸಿತು. ನನ್ನ ಗೆಳೆಯ ಮಾತ್ರ ನಿಲ್ಲಿಸಲಿಲ್ಲ. ಯಾಕೆ ಅಂತ ಅರ್ಥವಾಗಬೇಕಾದರೆ ಡ್ರೀಮ್11 ಹೇಗೆ ಬೆಳೆಯಿತು, ಹೇಗೆ ಬಿತ್ತು ಅನ್ನೋದನ್ನು ನೋಡಬೇಕು. ಆ ಕತೆಯಲ್ಲಿ ಕರ್ನಾಟಕದ ಪಾತ್ರ ನಾವು ಅಂದುಕೊಂಡದ್ದಕ್ಕಿಂತ ಹಳೆಯದು, ದೊಡ್ಡದು.

ಕಂಪನಿ ಯಾವತ್ತೂ ಬೆಟ್ ಕಟ್ಟಲ್ಲ

ಹರ್ಷ್ ಜೈನ್ ಮತ್ತು ಭವಿತ್ ಶೇಠ್ ಎಂಬ ಇಬ್ಬರು ಮುಂಬೈನಲ್ಲಿ ಡ್ರೀಮ್11 ಶುರು ಮಾಡಿದ್ದು 2008ರಲ್ಲಿ, ಅಂದರೆ ಐಪಿಎಲ್ ಹುಟ್ಟಿದ ವರ್ಷವೇ. ಮೊದಲ ಕೆಲವು ವರ್ಷ ಅದು ಓಡಲಿಲ್ಲ. ಇಡೀ ಸೀಸನ್ನಿಗೆ ಒಂದು ತಂಡ ಕಟ್ಟುವ ಇಂಗ್ಲೆಂಡಿನ ಫುಟ್‌ಬಾಲ್ ಮಾದರಿ ನಮ್ಮವರಿಗೆ ಹಿಡಿಸಲಿಲ್ಲ. 2012ರ ಹೊತ್ತಿಗೆ ಒಂದು ಮ್ಯಾಚಿಗೆ ಒಂದು ತಂಡ, ಅವತ್ತೇ ಫಲಿತಾಂಶ ಅನ್ನುವ ಮಾದರಿಗೆ ಹೊರಳಿದರು. ಕಂಪನಿ ಎದ್ದು ನಿಂತದ್ದು ಅಲ್ಲಿಂದ.

ಲೆಕ್ಕ ಸರಳ. ಉದಾಹರಣೆಗೆ ಹತ್ತು ಜನ ತಲಾ 100 ರೂಪಾಯಿ ಹಾಕುತ್ತಾರೆ ಅಂತ ಇಟ್ಟುಕೊಳ್ಳಿ. ಒಟ್ಟು 1,000. ವೇದಿಕೆಯ ಶುಲ್ಕ ಅಂತ ಕಂಪನಿ 150 ತೆಗೆದುಕೊಂಡರೆ ಉಳಿದ 850 ಗೆದ್ದವರಿಗೆ ಹಂಚಿಕೆ. ಬುಕ್ಕಿ ಆದರೆ ನಿಮ್ಮ ಎದುರು ತಾನೇ ಬೆಟ್ ಕಟ್ಟುತ್ತಾನೆ, ಕೆಲವೊಮ್ಮೆ ಸೋಲುತ್ತಾನೆ. ಇಲ್ಲಿ ಹಾಗಿಲ್ಲ. ಸೋಲುವುದೂ ಗೆಲ್ಲುವುದೂ ಆಡುವವರ ನಡುವೆ. ನಮ್ಮ ಕಡೆ ಕೋಳಿ ಅಂಕ ನೋಡಿದವರಿಗೆ ಇದು ಗೊತ್ತಿರೋ ವಿಷಯವೇ: ಯಾರ ಕೋಳಿ ಬಿದ್ದರೂ ಅಂಕ ನಡೆಸುವವನ ಪಾಲು ಅವನಿಗೆ ಸಿಗುತ್ತದೆ.

ಇದೇ ಹತ್ತು ಜನ ಗೆದ್ದ ಹಣವನ್ನೆಲ್ಲ ಮತ್ತೆ ಮುಂದಿನ ಮ್ಯಾಚಿಗೆ ಹಾಕುತ್ತಾ ಹೋದರೆ ಏನಾಗುತ್ತದೆ? ಪ್ರತಿ ಸುತ್ತಿನಲ್ಲೂ ಶೇ. 15 ಹೋಗುತ್ತದೆ. ಹತ್ತು ಮ್ಯಾಚ್ ಮುಗಿಯುವಾಗ 1,000 ರೂಪಾಯಿಯಲ್ಲಿ ಹತ್ತೂ ಜನರ ಕೈಯಲ್ಲಿ ಒಟ್ಟಾಗಿ ಉಳಿಯುವುದು ಸುಮಾರು 197 ರೂಪಾಯಿ. ಒಂದು ಐಪಿಎಲ್‌ನಲ್ಲಿ 74 ಮ್ಯಾಚ್ ಇರ್ತವೆ. ಕ್ರಿಕೆಟ್ ಬಗ್ಗೆ ಚೆನ್ನಾಗಿ ಗೊತ್ತಿರುವ ಒಬ್ಬಿಬ್ಬರು ಮುಂದೆ ಹೋಗಬಹುದು, ಸುಳ್ಳಲ್ಲ. ಆದರೆ ಗುಂಪಾಗಿ ನೋಡಿದರೆ ಆಡುವವರೆಲ್ಲ ಸೇರಿ ಸೋಲಲೇಬೇಕು. ಅದು ಅದೃಷ್ಟವೂ ಅಲ್ಲ, ಕೌಶಲ್ಯವೂ ಅಲ್ಲ, ಬರೀ ಗಣಿತ.

‘ಕೌಶಲ್ಯ’ ಪದ ಬಂದದ್ದು ಬೆಂಗಳೂರಿನ ದಾರಿಯಲ್ಲಿ

ಹಾಗಾದರೆ ಇದನ್ನು ಜೂಜು ಅಂತ ಯಾಕೆ ಕರೆಯಲಿಲ್ಲ? ಉತ್ತರ ಇರುವುದು 1950ರ ದಶಕದ ಒಂದು ಕೇಸಿನಲ್ಲಿ.

ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬುವರು ಬಹುಮಾನದ ಪದಬಂಧ ಸ್ಪರ್ಧೆ ನಡೆಸುತ್ತಿದ್ದರು. ಪ್ರವೇಶ ಶುಲ್ಕ ಕಟ್ಟಿ ಪದ ತುಂಬಬೇಕು, ಮೊದಲೇ ಮುಚ್ಚಿಟ್ಟ ಉತ್ತರಕ್ಕೆ ನಿಮ್ಮದು ಹೊಂದಿದರೆ ಬಹುಮಾನ. ಬಾಂಬೆ ಪ್ರಾಂತ್ಯ 1948ರಲ್ಲಿ ಇಂಥ ಸ್ಪರ್ಧೆಗಳ ನಿಯಂತ್ರಣಕ್ಕೆ, ತೆರಿಗೆಗೆ ಕಾಯ್ದೆ ಮಾಡಿತು. ಆದರೆ ಪ್ರಾಂತ್ಯದ ಹೊರಗೆ ಅಚ್ಚಾಗುವ ಪತ್ರಿಕೆಗಳನ್ನು ಅದು ಬಿಟ್ಟಿತ್ತು. ವ್ಯಾಪಾರ ಮೈಸೂರು ರಾಜ್ಯಕ್ಕೆ ಬಂತು. ಕಂಪನಿ ಇಲ್ಲಿ ನೋಂದಣಿಯಾಯಿತು, ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗಿ ಬಾಂಬೆಯಲ್ಲಿ ಹಂಚಿಕೆಯಾಯಿತು. ಹಣ ಕಟ್ಟುವವರಲ್ಲಿ ಬಹಳಷ್ಟು ಮಂದಿ ಅಲ್ಲಿನವರೇ, ಏಜೆಂಟರೂ ಅಲ್ಲಿನವರೇ. ವಿಳಾಸ ಮಾತ್ರ ಬೆಂಗಳೂರಿನದು.

ಇವತ್ತು ಕ್ಯುರಸಾವೊ, ದುಬೈ ಅಂತೆಲ್ಲ ಕೇಳ್ತೀವಲ್ಲ, ಎಪ್ಪತ್ತು ವರ್ಷದ ಹಿಂದೆ ಬಾಂಬೆಯ ಆಟಗಾರರಿಗೆ ಬೆಂಗಳೂರೇ ಆ ಜಾಗ.

1952ರಲ್ಲಿ ಬಾಂಬೆ ತನ್ನ ಕಾಯ್ದೆ ತಿದ್ದಿ ಹೊರಗಿನ ಪತ್ರಿಕೆಗಳನ್ನೂ ಹಿಡಿಯಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ಏಪ್ರಿಲ್ 9ರಂದು ಕೋರ್ಟು ಎರಡು ಮಾತು ಹೇಳಿತು. ಒಂದು, ಜೂಜು ಅನ್ನೋದು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ. ಎರಡು, ಗೆಲುವು ಗಣನೀಯ ಮಟ್ಟಿಗೆ ಕೌಶಲ್ಯವನ್ನು ಅವಲಂಬಿಸಿದ್ದರೆ ಅದು ಜೂಜಲ್ಲ, ವ್ಯಾಪಾರ. ಪದಬಂಧದವರು ಸೋತರು. ಆದರೆ ಆ ಎರಡನೇ ಮಾತು ಉಳಿಯಿತು. 1996ರಲ್ಲಿ ಕುದುರೆ ರೇಸಿಗೆ ರಕ್ಷಣೆ ಕೊಟ್ಟದ್ದು ಅದೇ ವಾದ, ಆಮೇಲೆ ಡ್ರೀಮ್11 ನಿಂತದ್ದೂ ಅದರ ಮೇಲೆಯೇ.

ಸೋತವನೇ ಕೊಟ್ಟ ಪರವಾನಗಿ

ಈ ಕಂಪನಿಗೆ ಕಾನೂನಿನ ಬಲ ಸಿಕ್ಕಿದ್ದು ಅದರ ವಿರುದ್ಧ ಹೂಡಿದ ಕೇಸಿನಿಂದ. ಡ್ರೀಮ್11ನಲ್ಲಿ 50,000 ರೂಪಾಯಿ ಹಾಕಿ ಸೋತೆ, ಇದು ಜೂಜು, ಕ್ರಮ ತೆಗೆದುಕೊಳ್ಳಿ ಅಂತ ಒಬ್ಬರು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ಹೋದರು. 2017ರ ಏಪ್ರಿಲ್‌ನಲ್ಲಿ ತೀರ್ಪು ಬಂತು: ಆಟಗಾರರನ್ನು ಆರಿಸಲು, ಪಿಚ್ಚು–ಫಾರ್ಮು ಅಂದಾಜು ಮಾಡಲು ಕೌಶಲ್ಯ ಬೇಕು, ಆದ್ದರಿಂದ ಇದು ಜೂಜಲ್ಲ. ಅದೇ ವರ್ಷ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ತಳ್ಳಿಹಾಕಿತು. ಬಾಂಬೆ, ರಾಜಸ್ಥಾನ ಹೈಕೋರ್ಟುಗಳೂ ಇದೇ ದಾರಿ ಹಿಡಿದವು.

ಕಾಗದ ಕೈಗೆ ಬಂದದ್ದೇ ತಡ, ಹಣ ಹರಿದು ಬಂತು. 2018ರಲ್ಲಿ ಧೋನಿ ಜಾಹೀರಾತಿನ ಮುಖವಾದರು. ಅದೇ ವರ್ಷ ಚೀನಾದ ಟೆನ್ಸೆಂಟ್ ಬಂಡವಾಳ ಹಾಕಿತು. 2019ರಲ್ಲಿ ಡ್ರೀಮ್11 ದೇಶದ ಮೊದಲ ಗೇಮಿಂಗ್ ಯುನಿಕಾರ್ನ್. 2020ರಲ್ಲಿ ಗಡಿ ಸಂಘರ್ಷದ ಹಿನ್ನೆಲೆಯಲ್ಲಿ ವಿವೊ ಹಿಂದೆ ಸರಿದಾಗ 222 ಕೋಟಿ ಕೊಟ್ಟು ಐಪಿಎಲ್ ಶೀರ್ಷಿಕೆಯನ್ನೇ ಹಿಡಿಯಿತು. 2023ರಲ್ಲಿ ಬೈಜೂಸ್ ಬಿಟ್ಟ ಜಾಗಕ್ಕೆ, ಮೂರು ವರ್ಷಕ್ಕೆ 358 ಕೋಟಿಯ ಒಪ್ಪಂದದಲ್ಲಿ, ಟೀಮ್ ಇಂಡಿಯಾ ಜೆರ್ಸಿಗೆ ಬಂತು. 2022–23ರಲ್ಲಿ ಕಂಪನಿಯ ಆದಾಯ 6,300 ಕೋಟಿ ದಾಟಿತ್ತು.

ಜೂಜು ಅನ್ನುವ ಪದಕ್ಕೆ ಒಂದು ನಾಚಿಕೆ ಅಂಟಿಕೊಂಡಿತ್ತು. ಮಟ್ಕಾ ಚೀಟಿ ಬರೆಸುವವನು ಅಡಗಿಕೊಂಡು ಬರೆಸುತ್ತಿದ್ದ. ಫ್ಯಾಂಟಸಿ ತಂಡವನ್ನು ನಾನೂ ಗೆಳೆಯರೂ ಹೋಟೆಲಲ್ಲಿ ಚಾ ಕುಡೀತಾ ಎಲ್ಲರ ಎದುರೇ ಕಟ್ಟಿದ್ದೇವೆ. ತಪ್ಪು ಅನ್ನಿಸಲೇ ಇಲ್ಲ. ಧೋನಿಯೇ ಹೇಳ್ತಿದ್ದಾರಲ್ಲ! 2020ರ ಡಿಸೆಂಬರಿನಿಂದ ಇಂಥ ಜಾಹೀರಾತುಗಳಲ್ಲಿ ‘ಆರ್ಥಿಕ ಅಪಾಯ ಇದೆ, ಚಟವಾಗಬಹುದು’ ಅನ್ನೋ ಎಚ್ಚರಿಕೆ ಇರಬೇಕು ಅಂತಾಯಿತು. ಅದನ್ನು ಎಷ್ಟು ವೇಗವಾಗಿ ಓದುತ್ತಿದ್ದರು ಅಂತ ನಿಮಗೆ ನೆನಪಿರಬಹುದು.

ಕರ್ನಾಟಕಕ್ಕೆ ಸಿಕ್ಕ ಅವಕಾಶ, ಮಾಡಿದ ಎಡವಟ್ಟು

2021ರ ಸೆಪ್ಟೆಂಬರಿನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಕೌಶಲ್ಯದ ಆಟವಾಗಲಿ, ಅದೃಷ್ಟದ ಆಟವಾಗಲಿ, ಹಣ ಹಾಕಿ ಆನ್‌ಲೈನ್‌ನಲ್ಲಿ ಆಡಿದರೆ ಅಪರಾಧ. ಮೂರು ವರ್ಷದ ತನಕ ಜೈಲು. ಕುದುರೆ ರೇಸಿಗೆ ಮಾತ್ರ ವಿನಾಯಿತಿ. ಅಂದರೆ ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಕುದುರೆ ಮೇಲೆ ಬಾಜಿ ಕಟ್ಟುವವರು ಸಭ್ಯರು, ಮೊಬೈಲಿನಲ್ಲಿ 49 ರೂಪಾಯಿ ಹಾಕುವ ಹುಡುಗ ಅಪರಾಧಿ.

ಅಕ್ಟೋಬರ್ 5ರಂದು ಕಾಯ್ದೆ ಜಾರಿಗೆ ಬಂತು. ಒಬ್ಬ ಕ್ಯಾಬ್ ಚಾಲಕ ದೂರು ಕೊಟ್ಟ ಮೇಲೆ ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರ ಠಾಣೆಯಲ್ಲಿ ಡ್ರೀಮ್11 ಸ್ಥಾಪಕರ ಮೇಲೆ ಎಫ್‌ಐಆರ್ ಆಯಿತು. ಅಕ್ಟೋಬರ್ 10ಕ್ಕೆ ಕಂಪನಿ ಕರ್ನಾಟಕದಲ್ಲಿ ವ್ಯವಹಾರ ನಿಲ್ಲಿಸಿತು. ಇದರಿಂದ ಅದಕ್ಕೆ ಎಷ್ಟು ಪೆಟ್ಟಾಯಿತು? ನವೆಂಬರಿನಲ್ಲಿ ಅದರ ಮಾತೃಸಂಸ್ಥೆ ಡ್ರೀಮ್ ಸ್ಪೋರ್ಟ್ಸ್ 84 ಕೋಟಿ ಡಾಲರ್ ಹೊಸ ಬಂಡವಾಳ ಎತ್ತಿತು. ಆಗ ಅದರ ಮೌಲ್ಯ 800 ಕೋಟಿ ಡಾಲರ್. ಒಂದು ರಾಜ್ಯದ ನಿಷೇಧ ಹೂಡಿಕೆದಾರರ ಲೆಕ್ಕದಲ್ಲಿ ಒಂದು ಸಣ್ಣ ಅಡಚಣೆ, ಅಷ್ಟೇ.

2022ರ ಫೆಬ್ರವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತು ರಾಜ್ ಅವಸ್ಥಿ, ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲ್ಯದ ಆಟಕ್ಕೂ ಜೂಜಿಗೂ ವ್ಯತ್ಯಾಸ ಮಾಡದ ಕಾಯ್ದೆ ಸಂವಿಧಾನಕ್ಕೆ ಹೊಂದಲ್ಲ ಅಂದಿತು. ಜತೆಗೆ, ಬೆಟ್ಟಿಂಗ್–ಜೂಜಿನ ವಿರುದ್ಧ ಸರಿಯಾದ ಕಾಯ್ದೆ ತರಲು ರಾಜ್ಯಕ್ಕೆ ಅಡ್ಡಿ ಇಲ್ಲ ಅಂತಲೂ ಹೇಳಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು. ಸರ್ಕಾರ ಬದಲಾಯಿತು. ಮೂರೂವರೆ ವರ್ಷ ಕಳೆದರೂ ಹೊಸ ಕಾಯ್ದೆ ಬರಲಿಲ್ಲ.

ಮಂಗಳೂರಿನವರಿಗೆ ಈ ಗಡಿ ಆಟ ಹೊಸದೇನಲ್ಲ. ಕರ್ನಾಟಕ ಲಾಟರಿ ನಿಷೇಧಿಸಿದ್ದು 2007ರಲ್ಲಿ. ಬಿಜೈನಿಂದ ಹೊರಟರೆ ಒಂದು ಗಂಟೆಯೊಳಗೆ ತಲಪಾಡಿ ದಾಟಿ ಮಂಜೇಶ್ವರದ ಕಡೆ ಹೋಗಬಹುದು. ಅಲ್ಲಿ ಕೇರಳ ಸರ್ಕಾರವೇ 1967ರಿಂದ ಲಾಟರಿ ಮಾರುತ್ತಿದೆ. ಟಿಕೆಟ್ ಕೊಳ್ಳುವ ಅಜ್ಜ ಇಲ್ಲಿಯವನು, ಸೋಲುವ ಹಣ ಇಲ್ಲಿಯದು. ಆ ಹಣದಿಂದ ಬರುವ ಲಾಭ ಮಾತ್ರ ಅಲ್ಲಿಯ ಖಜಾನೆಗೆ.

ತೆರಿಗೆಯಿಂದ ನಿಷೇಧದ ತನಕ

ಆಮೇಲೆ ಬಂದದ್ದು ಜಿಎಸ್‌ಟಿ. ಮೊದಲು ಕಂಪನಿಗಳು ತಮ್ಮ ಶುಲ್ಕದ ಮೇಲೆ ಶೇ. 18 ಕಟ್ಟುತ್ತಿದ್ದವು. ನಮ್ಮ ಉದಾಹರಣೆಯಲ್ಲಿ 150 ರೂಪಾಯಿಗೆ 27. 2023ರ ಅಕ್ಟೋಬರ್ 1ರಿಂದ ಆಡುವವರು ಹಾಕುವ ಪೂರ್ತಿ ಠೇವಣಿಯ ಮೇಲೆ ಶೇ. 28. ತೆರಿಗೆ ಸೇರಿ 1,000 ರೂಪಾಯಿ ಹಾಕಿದರೆ ಅದರಲ್ಲಿ ಸುಮಾರು 219 ತೆರಿಗೆಗೇ ಹೋಗುತ್ತಿತ್ತು. ಕಂಪನಿಯ ಶುಲ್ಕಕ್ಕಿಂತ ಜಾಸ್ತಿ! ಗಿರಾಕಿ ಓಡಿಹೋಗದಿರಲಿ ಅಂತ ಹಲವು ಕಂಪನಿಗಳು ಆ ಮೊತ್ತವನ್ನು ಬೋನಸ್ ರೂಪದಲ್ಲಿ ತಾವೇ ತುಂಬಿದವು. ಹಳೇ ಬಾಕಿಯ ಜಗಳ ಬೇರೆ. ಬೆಂಗಳೂರಿನ ಗೇಮ್ಸ್‌ಕ್ರಾಫ್ಟ್‌ಗೆ 2022ರಲ್ಲಿ ಬಂದ ನೋಟಿಸ್ ಸುಮಾರು 21,000 ಕೋಟಿಯದು. ಕರ್ನಾಟಕ ಹೈಕೋರ್ಟು 2023ರ ಮೇ ತಿಂಗಳಲ್ಲಿ ಅದನ್ನು ರದ್ದು ಮಾಡಿತು, ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಒಂದು ಕಡೆ ಸರ್ಕಾರ ಇದನ್ನು ಕೌಶಲ್ಯದ ಉದ್ಯಮ ಅಂತ ಬೆಳೆಯಲು ಬಿಟ್ಟಿತು, ಇನ್ನೊಂದು ಕಡೆ ಜೂಜಿಗೆ ಹಾಕುವ ತೆರಿಗೆ ಹಾಕಿತು. ಆಡುವವನು ಎಷ್ಟು ಕಳೆದುಕೊಳ್ಳುತ್ತಿದ್ದಾನೆ ಅನ್ನೋ ಪ್ರಶ್ನೆ ಎರಡರಲ್ಲೂ ಇರಲಿಲ್ಲ.

2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿ ಅಂಕಿತ. ಮೂರು ದಿನದಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಮುಗಿಯಿತು. ಕೌಶಲ್ಯವೋ ಅದೃಷ್ಟವೋ ಅನ್ನೋ ಹಳೇ ಚರ್ಚೆಯನ್ನೇ ಅದು ಪಕ್ಕಕ್ಕಿಟ್ಟಿತು. ಹಣದ ಆಟ ನಡೆಸಿದರೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ. ಜಾಹೀರಾತಿಗೆ ಎರಡು ವರ್ಷ, 50 ಲಕ್ಷ. ಆಡುವವರಿಗೆ ಶಿಕ್ಷೆ ಇಲ್ಲ, ಮೆಚ್ಚಬೇಕಾದ ಅಂಶ ಅದು. ಸುಮಾರು 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ಕಳೆದುಕೊಳ್ಳುತ್ತಿದ್ದಾರೆ ಅನ್ನೋದು ಸರ್ಕಾರ ಮುಂದಿಟ್ಟ ಅಂದಾಜು.

ಕಾಯ್ದೆ ಜಾರಿಯ ದಿನಾಂಕ ಘೋಷಣೆಯಾಗುವ ಮೊದಲೇ ಡ್ರೀಮ್11 ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಆದಾಯದ ಶೇ. 95 ಹೋಯಿತು ಅಂತ ಹರ್ಷ್ ಜೈನ್ ಹೇಳಿದರು. ಜೆರ್ಸಿ ಒಪ್ಪಂದ ಮುರಿಯಿತು, ಆಮೇಲೆ ಆ ಜಾಗಕ್ಕೆ ಬಂದದ್ದು ಅಪೊಲೊ ಟೈರ್ಸ್. ಬೆಂಗಳೂರಿನ ಎಂಪಿಎಲ್ ದೇಶದಲ್ಲಿನ ತನ್ನ ಅರ್ಧಕ್ಕಿಂತ ಹೆಚ್ಚು ಉದ್ಯೋಗಿಗಳನ್ನು ತೆಗೆಯಲು ಹೊರಟಿತು. ರಮ್ಮಿ ಕಂಪನಿಯೊಂದು ಕಾಯ್ದೆಯನ್ನು ಪ್ರಶ್ನಿಸಿದ್ದೂ ಕರ್ನಾಟಕ ಹೈಕೋರ್ಟಿನಲ್ಲೇ. ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟು ಅಂಥ ಅರ್ಜಿಗಳನ್ನೆಲ್ಲ ತನ್ನ ಬಳಿಗೆ ತರಿಸಿಕೊಂಡಿತು.

ರಾಷ್ಟ್ರಪತಿ ಅಂಕಿತ ಬಿದ್ದ ಮರುದಿನ, ಆಗಸ್ಟ್ 23ರಂದು, ಚಿತ್ರದುರ್ಗದ ಕಾಂಗ್ರೆಸ್ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಇ.ಡಿ. ಗ್ಯಾಂಗ್ಟಕ್‌ನಲ್ಲಿ ಬಂಧಿಸಿತು. ಅಕ್ರಮ ಬೆಟ್ಟಿಂಗ್ ಸೈಟುಗಳನ್ನು ನಡೆಸುತ್ತಿದ್ದರು ಅನ್ನೋದು ಆರೋಪ. ಶೋಧದಲ್ಲಿ ಸುಮಾರು 12 ಕೋಟಿ ನಗದು ಸಿಕ್ಕಿದೆ ಅಂತ ಇ.ಡಿ. ಹೇಳಿತು. ಆರೋಪ ಸಾಬೀತಾಗಬೇಕಾದದ್ದು ಕೋರ್ಟಿನಲ್ಲಿ, ಆ ಮಾತು ಇಲ್ಲಿ ಬೇಡ. ಆದರೆ ‘ಕೌಶಲ್ಯ’ದ ಆ್ಯಪುಗಳ ಬಗ್ಗೆ ಎಲ್ಲರೂ ಜಗಳಾಡುತ್ತಿದ್ದಾಗ, ಯಾವ ಕಾನೂನಿನ ಅಡಿಯಲ್ಲೂ ಇಲ್ಲದ ಇನ್ನೊಂದು ಮಾರುಕಟ್ಟೆ ಪಕ್ಕದಲ್ಲೇ ಇತ್ತು ಅನ್ನೋದು ಎಲ್ಲರಿಗೂ ಗೊತ್ತಿದ್ದ ವಿಷಯ. ನನ್ನ ಗೆಳೆಯನ ‘ಐಡಿ’ ಇರೋದು ಅಂಥ ಮಾರುಕಟ್ಟೆಯಲ್ಲಿ. ಅಲ್ಲಿ ಕೆವೈಸಿ ಇಲ್ಲ, ಜಿಎಸ್‌ಟಿ ಇಲ್ಲ, ದೂರು ಕೊಡಲು ಕಚೇರಿ ಇಲ್ಲ. ಹಣ ಹೋಗುವುದು ಯಾರದೋ ಬಾಡಿಗೆ ಬ್ಯಾಂಕ್ ಖಾತೆಗೆ. ತಿಂಗಳಿಗೆ ಒಂದಿಷ್ಟು ದುಡ್ಡಿನ ಆಸೆಗೆ ಖಾತೆ ಬಾಡಿಗೆ ಕೊಡುವವರಲ್ಲಿ ಕಾಲೇಜು ಹುಡುಗರೂ ಇದ್ದಾರೆ. ಕೇಸಾದಾಗ ಮೊದಲು ಸಿಕ್ಕಿಬೀಳುವವರೂ ಅವರೇ.

ನಾವು ಕೇಳಬೇಕಾದ ಪ್ರಶ್ನೆ

ಡ್ರೀಮ್11 ಉಳಿಯಬೇಕಿತ್ತು ಅಂತ ನಾನು ಹೇಳ್ತಾ ಇಲ್ಲ. ಜೂಜಿನ ನಾಚಿಕೆಯನ್ನು ತೆಗೆದು ಒಂದು ಇಡೀ ತಲೆಮಾರಿಗೆ ಅಭ್ಯಾಸ ಮಾಡಿಸಿದ್ದು ಈ ಉದ್ಯಮವೇ. ಆದರೆ ‘ನಿಷೇಧ ಆಯ್ತು, ಮುಗೀತು’ ಅನ್ನುವವರ ಜತೆಗೂ ನಾನಿಲ್ಲ. 1948ರಲ್ಲಿ ಬಾಂಬೆಯಿಂದ ಬೆಂಗಳೂರಿಗೆ, 2007ರಲ್ಲಿ ತಲಪಾಡಿಯ ಆಚೆಗೆ, ಈಗ ದೇಶದ ಹೊರಗಿನ ಸರ್ವರಿಗೆ. ಪ್ರತಿ ಸಲವೂ ವ್ಯಾಪಾರ ಗಡಿ ದಾಟಿತು, ಸೋತವನು ಮತ್ತು ಅವನ ಸಾಲ ಊರಲ್ಲೇ ಉಳಿಯಿತು.

ಶೇರು ಮಾರುಕಟ್ಟೆಯ ಫ್ಯೂಚರ್ಸ್–ಆಪ್ಷನ್ಸ್ ವಿಚಾರದಲ್ಲಿ ಸೆಬಿ ಒಂದು ಒಳ್ಳೇ ಕೆಲಸ ಮಾಡಿತು. 2024ರ ಸೆಪ್ಟೆಂಬರಿನಲ್ಲಿ ಲೆಕ್ಕ ಹೊರಗಿಟ್ಟಿತು: ಮೂರು ವರ್ಷದಲ್ಲಿ ಶೇ. 93ರಷ್ಟು ಸಾಮಾನ್ಯ ಟ್ರೇಡರ್‌ಗಳು ನಷ್ಟ ಮಾಡಿಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ. ಆ ಒಂದು ಅಂಕಿ ಯಾವ ಜಾಹೀರಾತಿಗಿಂತಲೂ ಗಟ್ಟಿಯಾಗಿ ಮಾತಾಡಿತು. ಫ್ಯಾಂಟಸಿ ಆ್ಯಪುಗಳಿಗೆ ಇಂಥ ಲೆಕ್ಕ ಕೊಡಬೇಕು ಅನ್ನುವ ನಿಯಮವೇ ಇರಲಿಲ್ಲ. ಎಷ್ಟು ಜನ ಸೋತರು, ಆದಾಯದಲ್ಲಿ ಎಷ್ಟು ಪಾಲು ಅತಿಯಾಗಿ ಆಡುವ ಕೆಲವರಿಂದ ಬಂತು, 21 ತುಂಬದವರು ಎಷ್ಟು ಮಂದಿ? ಕಂಪನಿಯ ಸರ್ವರಿನಲ್ಲಿ ಎಲ್ಲವೂ ಇತ್ತು. ಕೋರ್ಟುಗಳು ಕೌಶಲ್ಯ ಎಷ್ಟು ಅಂತ ಕೇಳಿದವು, ಖಜಾನೆ ತೆರಿಗೆ ಎಷ್ಟು ಅಂತ ಕೇಳಿತು. ಸೋಲು ಎಷ್ಟು ಅಂತ ಯಾರೂ ಕೇಳಲಿಲ್ಲ.

ಈಗಲೂ ಕೇಳಬಹುದು. ಸುಪ್ರೀಂ ಕೋರ್ಟಿನ ತೀರ್ಪು ಯಾವ ಕಡೆ ಬಂದರೂ ಕರ್ನಾಟಕ ಸರ್ಕಾರ ಮಾಡಬೇಕಾದ ಕೆಲಸ ಬದಲಾಗಲ್ಲ. ಬೆಟ್ಟಿಂಗ್ ಸಾಲದಲ್ಲಿ ಸಿಕ್ಕಿದವರು ಪೊಲೀಸರ ಭಯ ಇಲ್ಲದೆ ಹೋಗಬಹುದಾದ ಒಂದು ಜಾಗ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಬೇಕು. ಲೋನ್ ಆ್ಯಪುಗಳ ವಸೂಲಿಗೆ ಕಡಿವಾಣ ಬೇಕು. ಖಾತೆ ಬಾಡಿಗೆ ಕೊಟ್ಟ ಹುಡುಗನನ್ನು ಹಿಡಿದು ಪ್ರೆಸ್ ಮೀಟ್ ಮಾಡುವ ಬದಲು, ಆ ಖಾತೆಯಿಂದ ಹಣ ಎಲ್ಲಿಗೆ ಹೋಯಿತು ಅಂತ ಹಿಂಬಾಲಿಸಬೇಕು. ಮುಂದಿನ ಸಲ ನಿಮ್ಮ ಶಾಸಕರು ಕಾಲೇಜಿಗೆ ಬಂದು ‘ಯುವಕರು ದಾರಿ ತಪ್ಪಬಾರದು’ ಅಂತ ಭಾಷಣ ಮಾಡಿದರೆ ಇದನ್ನೇ ಕೇಳಿ.

ನನ್ನ ಗೆಳೆಯ ಮೊನ್ನೆ ಫೋನ್ ಮಾಡಿದ್ದ. ಆ ‘ಐಡಿ’ ಒಂದು ದಿನ ಲಾಗಿನ್ ಆಗಲಿಲ್ಲವಂತೆ, ಕೊಟ್ಟವನ ನಂಬರ್ ಸ್ವಿಚ್ ಆಫ್. ಒಳಗೆ ಎಷ್ಟಿತ್ತು ಅಂತ ಹೇಳಲಿಲ್ಲ. ‘ಪೊಲೀಸರಿಗೆ ಹೇಳುದು ಹೇಗೆ ಮಾರಾಯ, ನಾನೇ ಆಡಿದ್ದಲ್ವಾ’ ಅಂದ. ಆಡಿದವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ ಅಂತ ನಾನು ಹೇಳುವ ತನಕ ಅವನಿಗೆ ಗೊತ್ತೇ ಇರಲಿಲ್ಲ. ಅಷ್ಟನ್ನೂ ಅವನಿಗೆ ಯಾರೂ ಹೇಳಿರಲಿಲ್ಲ.